ಇಲ್ಲದ ಪ್ರಾಣಿಗಳ ಜನ್ಮವೃತ್ತಾಂತ

ಕಳೆದ ಮಳೆಗಾಲದ ಒಂದು ಸಂಜೆ ಶಿವಬಸವ ನಗರದ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಕುಳಿತಿರುವಾಗ, ಹತ್ತು ವರ್ಷದ ಮೊಮ್ಮಗಳು ತನ್ನ ವಹಿಯನ್ನು ತಂದು ಮುಂದಿಟ್ಟು, “ಅಜ್ಜಾ, ನಾ ಒಂದು ಕಥಿ ಬರಿಯಾಕತ್ತೀನಿ. ಅದರಾಗ ಯಾರೂ ನೋಡದಂಥಾ ಪ್ರಾಣಿ ಬರಬೇಕು. ಅದನ್ನ ಹ್ಯಾಂಗ ಮಾಡೂದು?” ಎಂದು ಕೇಳಿದಳು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಪಾಠ ಹೇಳಿದವನಾದರೂ ಈ ಪ್ರಶ್ನೆಗೆ ನನ್ನಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಅದಕ್ಕೊಂದು ಕಾರಣವುಂಟು, ಅದನ್ನು ಕಡೆಗೆ ಅರಿಕೆ ಮಾಡಿಕೊಳ್ಳುವೆನು.

ಮೊದಲು ಶಾಸ್ತ್ರದ ಮಾತು. ನಮ್ಮ ತಾರ್ಕಿಕರು ಇಲ್ಲದ ವಸ್ತುವಿಗೆ ಉದಾಹರಣೆ ಕೊಡಬೇಕಾದಾಗ ‘ಶಶವಿಷಾಣ’, ಅಂದರೆ ಮೊಲದ ಕೊಂಬು, ಎನ್ನುವರು. ಮೊಲವೂ ಉಂಟು, ಕೊಂಬೂ ಉಂಟು. ಇಲ್ಲದಿರುವದು ಅವೆರಡರ ಸಂಬಂಧವೊಂದೇ. ತಾರ್ಕಿಕನು ಇಲ್ಲಿಗೆ ನಿಲ್ಲುವನು. ಕವಿಯೂ ಶಿಲ್ಪಿಯೂ ಇಲ್ಲಿಂದಲೇ ಹೊರಡುವರು. ನಮ್ಮ ಗುಡಿಗಳ ಮಕರವನ್ನು ನೋಡಿರಿ. ಆನೆಯ ಸೊಂಡಿಲು, ಮೊಸಳೆಯ ದವಡೆ, ಸಿಂಹದ ಕಾಲು, ಹಿಂದೆ ಬಳ್ಳಿಯಂತೆ ಹಬ್ಬಿದ ಬಾಲ. ಗ್ರೀಕರ ಕೈಮೀರವೆಂಬ ಪ್ರಾಣಿಯೂ ಹೀಗೆಯೇ: ಮುಂದೆ ಸಿಂಹ, ನಡುವೆ ಆಡು, ಹಿಂದೆ ಸರ್ಪ. ಕಾಣದ ಪ್ರಾಣಿಯನ್ನು ಕಟ್ಟಲಿಕ್ಕೆ ಕಂಡ ಅವಯವಗಳೇ ಬೇಕು.

ಆದರೆ ಅವಯವಗಳನ್ನು ಕೂಡಿಸಿದ ಮಾತ್ರಕ್ಕೆ ಪ್ರಾಣ ಬಾರದು. ಅದಕ್ಕೊಂದು ಕಾರ್ಯವು ಬೇಕು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಒಂದು ಶಿಲ್ಪವಿರುವದು. ಜಿಂಕೆಯನ್ನು ಹೆಬ್ಬಾವು, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿದಿರುವದು. ಸಿಂಹದ ವರೆಗೆ ನಾವು ಬಲ್ಲ ಮೃಗಗಳೇ. ಸಿಂಹವನ್ನೂ ಮೀರಿಸುವದು ಯಾವದು ಎಂಬ ಪ್ರಶ್ನೆ ಹುಟ್ಟಿದ ಕೂಡಲೆ ಕಾಡು ಬರಿದಾಯಿತು, ಕಲ್ಪನೆಯು ಮುಂದೆ ಬಂದಿತು. ಈ ಸರಪಳಿಯ ಕೊನೆಗೆ ಇದೆಲ್ಲವನ್ನೂ ಕಂಡು ಬೆರಗಾದ ಒಬ್ಬ ಋಷಿಯನ್ನೂ ಶಿಲ್ಪಿಯು ಕೆತ್ತಿರುವನು. ಆ ಋಷಿಯನ್ನು ವಾಚಕರು ನೆನಪಿನಲ್ಲಿಡಬೇಕು.

ಗಂಡಭೇರುಂಡದ ಆಯುಷ್ಯವಂತೂ ದೊಡ್ಡದು. ಬಳ್ಳಿಗಾವಿಯಲ್ಲಿ 1047ರ ಕಂಬದ ಮೇಲೆ ಅದು ಮನುಷ್ಯನ ಮೈಯನ್ನೂ ಹಕ್ಕಿಯ ಎರಡು ತಲೆಗಳನ್ನೂ ಹೊತ್ತು ನಿಂತಿರುವದು. ವಿಜಯನಗರದ ಅಚ್ಯುತದೇವರಾಯನ ನಾಣ್ಯಗಳಲ್ಲಿ ಹಾರಿ, ಮೈಸೂರು ಅರಸರ ಲಾಂಛನವಾಗಿ, ಇಂದು ಕರ್ನಾಟಕ ಸರಕಾರದ ಮುದ್ರೆಯಲ್ಲಿ ಎರಡು ಶರಭಗಳ ನಡುವೆ ಕುಳಿತಿರುವದು. ಆದರೆ ಎರಡು ತಲೆಯ ಹಕ್ಕಿಗೆ ಸಂಸ್ಕೃತ ಪಂಚತಂತ್ರವು ಬೇರೆ ಗತಿಯನ್ನೇ ಕೊಟ್ಟಿತು. ಅಲ್ಲಿ ಹೊಟ್ಟೆ ಒಂದು, ಬಾಯಿ ಎರಡು. ಒಂದು ಬಾಯಿಯು ಸವಿಹಣ್ಣನ್ನು ಹಂಚಿಕೊಳ್ಳಲಿಲ್ಲವೆಂದು ಇನ್ನೊಂದು ಬಾಯಿಯು ಸೇಡಿಗಾಗಿ ವಿಷವನ್ನು ತಿಂದಿತು; ಸತ್ತದ್ದು ಇಡಿಯ ಹಕ್ಕಿ. ಅರಸನಿಗೆ ಬಲದ ಗುರುತಾದ ರೂಪವು ಗೃಹಸ್ಥನಿಗೆ ಅಣ್ಣತಮ್ಮಂದಿರ ಮತ್ಸರದ ಪಾಠವಾಯಿತು.

ಕೂಡಿಸುವದರಿಂದಲ್ಲದೆ ಕಳೆಯುವದರಿಂದಲೂ ಪ್ರಾಣಿಗಳು ಹುಟ್ಟುವವು. ರಾಹುವನ್ನು ನುಂಗಲಿಕ್ಕೆ ಶಿವನ ಕೋಪದಿಂದ ಹುಟ್ಟಿದ ಭೂತವು, ರಾಹುವು ಶರಣಾಗತನಾಗಲು ಆಹಾರವಿಲ್ಲದೆ, ಶಿವನ ಮಾತಿನಂತೆ ತನ್ನ ಮೈಯನ್ನೇ ತಿಂದು ಮೋರೆಯಾಗಿ ಉಳಿಯಿತು. ಗುಡಿಯ ಬಾಗಿಲ ಮೇಲಿನ ಕೀರ್ತಿಮುಖವು ಅದೇ. ಇನ್ನು ಚಕೋರಕ್ಕೆ ಮೈಯಲ್ಲಿ ಏನೂ ವಿಚಿತ್ರವಿಲ್ಲ; ಬೆಳದಿಂಗಳನ್ನು ಕುಡಿಯುವದೇ ಅದರ ವಿಚಿತ್ರವು. ಹತ್ತನೆಯ ಶತಮಾನದ ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಇಂಥವನ್ನು ‘ಕವಿಸಮಯ’ವೆಂದು ಕರೆದನು.

ಮುಂದಿನ ರವಿವಾರ ಮೊಮ್ಮಗಳನ್ನು ಖಾನಾಪುರ ತಾಲ್ಲೂಕಿನ ಹಲಸಿಗೆ ಕರೆದುಕೊಂಡು ಹೋದೆನು. ಗೋವೆಯ ಕದಂಬ ದೊರೆ ಶಿವಚಿತ್ತ ಪೆರ್ಮಾಡಿಯ ಕಾಲದ, 1169ರ ಶಾಸನವುಳ್ಳ ಭೂವರಾಹ ನರಸಿಂಹ ದೇವಾಲಯವು ಅಲ್ಲಿರುವದು. ಭಕ್ತರಿಗೆ ಇವು ಆರಾಧ್ಯ ಮೂರ್ತಿಗಳು. ಬರಿಯ ಕಲ್ಪನೆಯೆಂದು ಹೇಳಲು ನಾನು ಹೊರಟಿಲ್ಲ. ಆದರೂ ರೂಪದ ಮರ್ಮವನ್ನು ಮಗುವೇ ತಿಳಿದುಕೊಂಡಿತು. “ಅಜ್ಜಾ, ಮುಳುಗಿದ ಭೂಮೀನ ಎತ್ತಾಕ ಹಂದೀನ ಯಾಕ?” ಎಂದು ಕೇಳಿ, ನಾನು ಬಾಯಿ ತೆರೆಯುವ ಮುನ್ನವೇ, “ಹೌದಲಾ, ಕೆಸರಾಗಿಂದ ಕೋರೀಲೆ ಎತ್ತಾಕ ಅದಕ್ಕಽ ಬರತೈತಿ!” ಎಂದಳು. ಕೆಲಸವು ರೂಪವನ್ನು ಆರಿಸಿಕೊಳ್ಳುವದು ಎಂಬದನ್ನು ನಾನು ಇಷ್ಟು ಚಿಕ್ಕದಾಗಿ ಹೇಳಲಾರದವನಾಗಿದ್ದೆನು.

ಇನ್ನು ನನ್ನ ಅರಿಕೆ. ಇಪ್ಪತ್ತೈದು ವರ್ಷಗಳ ಹಿಂದೆ ‘ನಮ್ಮ ಮನೆಯ ಎಮ್ಮೆ’ ಎಂಬ ವಿಷಯವನ್ನು ಕೊಟ್ಟು ನಿಬಂಧ ಬರೆಯಿಸಿದ್ದೆನು. ಒಬ್ಬ ಹುಡುಗನು ತನ್ನ ಎಮ್ಮೆಯು ಮಳೆಗಾಲದಲ್ಲಿ ಮೋಡಗಳನ್ನು ಕುಡಿದು, ಬೇಸಿಗೆಯಲ್ಲಿ ಊರಿಗೆಲ್ಲ ಮಳೆಯನ್ನು ಕರೆಯುವದೆಂದು ಬರೆದನು. ನಾನು ಅದನ್ನು ವರ್ಗದಲ್ಲಿ ಗಟ್ಟಿಯಾಗಿ ಓದಿ ಎಲ್ಲರನ್ನೂ ನಗಿಸಿ, ಕೆಂಪು ಮಸಿಯಿಂದ ಅಡ್ಡಗೆರೆ ಎಳೆದು, ‘ಸುಳ್ಳು’ ಎಂದು ಬರೆದೆನು. ಮುಂದಿನ ನಿಬಂಧದಲ್ಲಿ ಅವನು, ಎಮ್ಮೆಗೆ ನಾಲ್ಕು ಕಾಲು, ಎರಡು ಕೊಂಬು ಎಂಬಂಥ ಮಾತುಗಳನ್ನಷ್ಟೇ ಬರೆದನು. ನಾನು ಅವನಿಗೆ ಹೆಚ್ಚು ಮಾರ್ಕುಗಳನ್ನೂ ಕೊಟ್ಟೆನು. ಆ ಮೇಲೆ ಅವನ ವಹಿಯಲ್ಲಿ ಮತ್ತೊಂದು ಅಂಥ ಎಮ್ಮೆಯು ಕಾಣಲಿಲ್ಲ.

ಎಮ್ಮೆಯು ಹಾಲು ಕರೆಯುವದು, ಮುಗಿಲು ಮಳೆಗರೆಯುವದು: ಎರಡಕ್ಕೂ ಕನ್ನಡದಲ್ಲಿ ಒಂದೇ ಮಾತು. ಆ ಹುಡುಗನು ಭಾಷೆಯ ಗರ್ಭದಲ್ಲಿದ್ದ ಪ್ರಾಣಿಯನ್ನು ಹೊರಕ್ಕೆ ತಂದಿದ್ದನು. ಭಾಷೆಯನ್ನು ಕಲಿಸುವ ನನಗೆ ಅದು ಕಾಣಲಿಲ್ಲ. ರಾಜಶೇಖರನು ಪ್ರತಿಭೆಯನ್ನು ಎರಡು ಬಗೆಯಾಗಿ ಹೇಳಿರುವನು: ರಚಿಸುವವನದು ಕಾರಯಿತ್ರೀ, ಸವಿಯುವವನದು ಭಾವಯಿತ್ರೀ. ಮೊದಲನೆಯದು ಹುಡುಗನಲ್ಲಿತ್ತು, ಎರಡನೆಯದು ಮಾಸ್ತರನಲ್ಲಿರಲಿಲ್ಲ. ಬೇಲೂರಿನ ಶಿಲ್ಪಿಯು ಸರಪಳಿಯ ಕೊನೆಗೆ ಬೆರಗಾದ ಋಷಿಯನ್ನು ಯಾಕೆ ಕೂಡಿಸಿದನೆಂಬದು ನನಗೆ ಈಗ ತಿಳಿಯುವದು. ಬೆರಗಾಗುವವನು ಒಬ್ಬನಾದರೂ ಇಲ್ಲದಿದ್ದರೆ ಇಲ್ಲದ ಪ್ರಾಣಿಯು ಹುಟ್ಟಿದಲ್ಲಿಯೇ ಸಾಯುವದು.

ಹಲಸಿಯಿಂದ ಮರಳಿದ ಮೂರನೆಯ ದಿನ ಮೊಮ್ಮಗಳು ತನ್ನ ಪ್ರಾಣಿಯನ್ನು ಬರೆದು ತಂದಳು. ಅದು ಎಂಥದೆಂಬದನ್ನು ಹೇಳುವ ಅಧಿಕಾರವು ಅವಳದು. ಕೆಂಪು ಲೇಖನಿಯನ್ನು ಮುಟ್ಟದೆ ಓದಿ, “ಇದು ಏನು ತಿಂತೈತಿ? ಯಾರಿಗೆ ಅಂಜತೈತಿ?” ಎಂದಷ್ಟೇ ನಾನು ಕೇಳಿದೆನು. ಅವಳು ಕಣ್ಣರಳಿಸಿ, ಮತ್ತೆರಡು ಪುಟ ಬರೆಯಲು ಓಡಿಹೋದಳು.