ಜೀಪಿನ ನಾಡಿಪರೀಕ್ಷೆ

ನುರಿತ ವೈದ್ಯನು ನಾಡಿಯನ್ನು ಹಿಡಿದು ರೋಗವನ್ನು ಊಹಿಸುವಂತೆ, ನುರಿತ ಮೆಕ್ಯಾನಿಕನು ಬಂಡಿಯ ಸದ್ದು ನಡುಕಗಳಿಂದಲೇ ಅದರ ದೋಷವನ್ನು ಗುರುತಿಸಬಲ್ಲನು. ನೋಡುವವರಿಗೆ ಇದು ಸೋಜಿಗವೆನಿಸಬಹುದು. ಆದರೆ ಈ ವಿದ್ಯೆಗೆ ಬೇಕಾದ ಗಣಿತವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು.

ಸುರಪುರ ಸೀಮೆಯ ಕೆಂಭಾವಿಯ ಕಡೆಯ ಎರೆಹೊಲಗಳನ್ನು ನೆನೆಯಿರಿ. ಮಳೆ ಬಿದ್ದೊಡನೆ ಎರೆಮಣ್ಣು ನೀರನ್ನು ಹೀರಿ ಉಬ್ಬಿ ಅಂಟಾಗುತ್ತದೆ. ಎರಡೇ ಚಕ್ರಗಳಿಗೆ ಎಂಜಿನಿನ ಬಲವನ್ನು ಪಡೆಯುವ ಕಾರು ಹೂತು ನಿಲ್ಲುವಲ್ಲಿ, ನಾಲ್ಕು ಚಕ್ರಗಳಿಗೂ ಬಲವುಳ್ಳ ಜೀಪು ಹೊರಬರಬಲ್ಲದು. ಆದರೆ ಇದಕ್ಕಾಗಿ ಅದರೊಳಗೆ ಮುಂದಕ್ಕೊಂದು ಹಿಂದಕ್ಕೊಂದು ಪ್ರೊಪೆಲ್ಲರ್ ಶಾಫ್ಟು, ಎರಡು ಡಿಫರೆನ್ಷಿಯಲ್, ಬಲವನ್ನು ಹಂಚುವ ಟ್ರಾನ್ಸ್‌ಫರ್ ಕೇಸ್ ಇರಬೇಕು. ಭಾಗಗಳು ಹೆಚ್ಚಿದಂತೆ ಸದ್ದಿನ ಮೂಲಗಳೂ ಹೆಚ್ಚುತ್ತವೆ.

ಹೊಲದಿಂದ ಡಾಂಬರು ರಸ್ತೆಗೆ ಬಂದ ಜೀಪು ವೇಗವೇರಿದಂತೆ ನಡುಗತೊಡಗಿತೆಂದು ಭಾವಿಸೋಣ. ಟಯರಿನ ಸುತ್ತಳತೆ ೨.೨ ಮೀಟರು, ವೇಗ ಗಂಟೆಗೆ ೬೦ ಕಿಲೋಮೀಟರು ಆದರೆ ಚಕ್ರವು ಸೆಕೆಂಡಿಗೆ ಸುಮಾರು ೭.೬ ಸುತ್ತು ತಿರುಗುತ್ತದೆ. ಆಕ್ಸಲಿನ ಹಲ್ಲುಚಕ್ರಗಳ ಪ್ರಮಾಣ ೪:೧ ಇದ್ದಲ್ಲಿ ಪ್ರೊಪೆಲ್ಲರ್ ಶಾಫ್ಟು ಸುಮಾರು ೩೦ ಸುತ್ತು ತಿರುಗುವುದು. ಆದುದರಿಂದ ಚಕ್ರದ ದೋಷವು ಮೈ ಕುಲುಕಿಸುವ ನಿಧಾನವಾದ ನಡುಕವಾಗಿಯೂ, ಶಾಫ್ಟಿನ ದೋಷವು ಪಾದಗಳಿಗೆ ಝುಮ್ಮೆನ್ನುವ ಬಿರುಸಾದ ಕಂಪನವಾಗಿಯೂ ತೋರುತ್ತದೆ.

ಆದರೆ ನೇರ ಗೇರಿನಲ್ಲಿ ಎಂಜಿನೂ ಶಾಫ್ಟಿನಷ್ಟೇ ಸುತ್ತು ತಿರುಗುತ್ತದಲ್ಲ, ಇವೆರಡನ್ನು ಬೇರ್ಪಡಿಸುವುದೆಂತು? ಬಂಡಿಯ ವೇಗವನ್ನು ಬದಲಿಸದೆ ಒಂದು ಗೇರು ಕೆಳಗಿಳಿಸಿರಿ. ಎಂಜಿನಿನ ವೇಗ ಹೆಚ್ಚುತ್ತದೆ. ಶಾಫ್ಟು ಮತ್ತು ಚಕ್ರಗಳ ವೇಗ ಮೊದಲಿನಂತೆಯೇ ಉಳಿಯುತ್ತದೆ. ನಡುಕ ಬದಲಾದರೆ ಎಂಜಿನನ್ನೂ, ಬದಲಾಗದಿದ್ದರೆ ಶಾಫ್ಟು ಚಕ್ರಗಳನ್ನೂ ಪರೀಕ್ಷಿಸತಕ್ಕದ್ದು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುವುದು ಪ್ರಯೋಗಶಾಲೆಯ ನಿಯಮವಷ್ಟೆ. ಗ್ಯಾರೇಜಿನ ನಿಯಮವೂ ಅದೇ.

ನಮ್ಮ ಜೀಪಿನ ನಡುಕ ನಿಧಾನವಾದದ್ದು. ಆದುದರಿಂದ ಚಕ್ರವನ್ನು ನೋಡೋಣ. ಅದರ ಒಳಬದಿಯಲ್ಲಿ, ನಡುವಿನಿಂದ ೨೦ ಸೆಂಟಿಮೀಟರು ದೂರದಲ್ಲಿ, ೧೦೦ ಗ್ರಾಂ ಎರೆಮಣ್ಣು ಅಂಟಿ ಒಣಗಿದೆ. ೬೦ ಕಿಲೋಮೀಟರು ವೇಗದಲ್ಲಿ ಈ ಹೆಂಟೆಯು ಚಕ್ರವನ್ನು ಸುಮಾರು ೪೫ ನ್ಯೂಟನ್ ಬಲದಿಂದ, ಎಂದರೆ ತನ್ನ ತೂಕದ ೪೬ರಷ್ಟು ಬಲದಿಂದ, ಹೊರಕ್ಕೆ ಸೆಳೆಯುತ್ತದೆ. ಸೆಳೆತದ ದಿಕ್ಕು ಪ್ರತಿ ಸುತ್ತಿಗೂ ಒಮ್ಮೆ ತಿರುಗುತ್ತದೆ. ಬಲವು ವೇಗದ ವರ್ಗಕ್ಕೆ ಅನುಗುಣವಾದುದರಿಂದ ೩೦ ಕಿಲೋಮೀಟರಿಗೆ ಅದು ಕಾಲು ಭಾಗಕ್ಕಿಳಿಯುತ್ತದೆ. ಈ ರೋಗಕ್ಕೆ ಒಂದು ಕೊಡ ನೀರು, ಕೆರೆಯಲು ಒಂದು ಕೋಲು ಸಾಕು.

ಎಲ್ಲ ಸದ್ದುಗಳೂ ಇಷ್ಟು ಸಾಧುವಲ್ಲ. ಬಂಡಿ ಹೊರಡುವಾಗ ಅಥವಾ ಗೇರು ಬದಲಿಸುವಾಗ ಅಡಿಯಿಂದ ‘ಟಣ್’ ಎಂದರೆ ಯೂನಿವರ್ಸಲ್ ಜಾಯಿಂಟನ್ನು ಶಂಕಿಸಬೇಕು. ೧೭ನೆಯ ಶತಮಾನದ ವಿಜ್ಞಾನಿ ರಾಬರ್ಟ್ ಹುಕ್‌ನ ಹೆಸರಿನಿಂದಲೂ ಪ್ರಸಿದ್ಧವಾದ ಈ ಕೀಲು, ಓರೆಯಾಗಿ ಕೂಡಿದ ದಂಡಗಳ ನಡುವೆ ತಿರುಗುವಿಕೆಯನ್ನು ಸಾಗಿಸುತ್ತದೆ. ಆದರೆ ಮುಂದಿನ ದಂಡವು ಪ್ರತಿ ಸುತ್ತಿನಲ್ಲಿ ಎರಡು ಸಲ ಚುರುಕಾಗಿ ಎರಡು ಸಲ ನಿಧಾನವಾಗುತ್ತದೆ. ಈ ಏರಿಳಿತವನ್ನು ಶಾಫ್ಟಿನ ಇನ್ನೊಂದು ತುದಿಯ ಕೀಲು ಸರಿದೂಗಿಸುತ್ತದೆ. ಬಿಚ್ಚಿ ಜೋಡಿಸುವಾಗ ಎರಡು ಕೀಲುಗಳ ಕವಲುಗಳು ಒಂದೇ ನೇರಕ್ಕೆ ಬಾರದಿದ್ದರೆ ಹೊಸ ನಡುಕವೊಂದು ಹುಟ್ಟುತ್ತದೆ. ಸವೆದ ಕೀಲು ಓಟದಲ್ಲಿ ಮುರಿದು ಶಾಫ್ಟಿನ ಮುಂದಿನ ತುದಿ ನೆಲಕ್ಕೆ ನಾಟಿತೆಂದರೆ ಪ್ರಾಣಕ್ಕೇ ಅಪಾಯ. ಚಕ್ರದ ನಟ್ಟು ಸಡಿಲಾದಾಗಿನ ‘ಕಟಕಟ’ ಶಬ್ದವೂ ಇದೇ ಜಾತಿಯದು. ಅದನ್ನು ಕೇಳಿದೊಡನೆ ಬಂಡಿಯನ್ನು ನಿಲ್ಲಿಸತಕ್ಕದ್ದು.

ಇನ್ನು, ಯಾವ ಭಾಗವೂ ಕೆಡದೆಯೇ ಜೀಪು ಮುಗ್ಗರಿಸುವ ಸಂದರ್ಭವೊಂದುಂಟು. ಬಂಡಿ ತಿರುವಿನಲ್ಲಿ ಸಾಗುವಾಗ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ವೃತ್ತದಲ್ಲಿ ಚಲಿಸುತ್ತವೆ. ಹಳೆಯ ಮಾದರಿಯ ಜೀಪಿನಲ್ಲಿ ನಾಲ್ಕು ಚಕ್ರಗಳ ಗೇರು ಹಾಕಿದಾಗ ಎರಡು ಶಾಫ್ಟುಗಳೂ ಸಮವೇಗದಲ್ಲಿ ತಿರುಗಲೇಬೇಕು. ಕೆಸರಿನಲ್ಲಿ ಚಕ್ರಗಳು ಜಾರಿ ಈ ಅಂತರವನ್ನು ಸರಿಪಡಿಸಿಕೊಳ್ಳುತ್ತವೆ. ಒಣ ಡಾಂಬರಿನ ಮೇಲೆ ಜಾರಲಾರದೆ ಯಂತ್ರಭಾಗಗಳನ್ನು ಹಿಂಡುತ್ತವೆ. ಹೊಲ ದಾಟಿದೊಡನೆ ಎರಡು ಚಕ್ರಗಳ ಗೇರಿಗೆ ಮರಳುವುದೇ ಇದಕ್ಕೆ ಮದ್ದು. ಕೆಲವೊಮ್ಮೆ ವೇಗ ಹೆಚ್ಚಿದಾಗ ಸದ್ದು ಕೇಳಿಸದಾಗುವುದುಂಟು. ಆಗ ರೋಗ ವಾಸಿಯಾಯಿತೆಂದು ನಂಬಬಾರದು. ಎಂಜಿನಿನ ಮತ್ತು ಗಾಳಿಯ ಆರ್ಭಟದಲ್ಲಿ ಅದು ಅಡಗಿರಲೂಬಹುದು.