ಮಗನ ಕಾರ್ಡಿನ ಹುಚ್ಚು: ಮೇಳದಲ್ಲಿ ಕೊಳ್ಳೋದೋ, ಮೊಬೈಲಲ್ಲಿ ಕೂಗೋದೋ?

‘ಅಮ್ಮಾ, ಒಂದು ಕಾರ್ಡಿಗೆ ಎಂಟುನೂರು ರೂಪಾಯಿ ಕೊಡ್ತೀಯಾ?’

ಮಗ ಹೀಗೆ ಕೇಳಿದರೆ ನೀವೇನು ಮಾಡ್ತೀರಿ? ‘ಎಂಟುನೂರಾ? ಒಂದು ತುಂಡು ರಟ್ಟಿಗಾ?’ ಅಂತ ಕಣ್ಣು ಬಿಡ್ತೀರಿ. ನಾನೂ ಬಿಟ್ಟವಳೇ. ಆದರೆ ಬೈಯುವ ಮೊದಲು ನಿಮ್ಮ ಅಣ್ಣನೋ ತಮ್ಮನೋ ಚಿಕ್ಕವರಿದ್ದಾಗ ಏನು ಮಾಡ್ತಿದ್ದರು ನೆನಪು ಮಾಡಿಕೊಳ್ಳಿ. ಎಂಬತ್ತರ ದಶಕದ ಕೊನೆಯಲ್ಲಿ ಬಿಗ್ ಫನ್ ಬಬಲ್ ಗಮ್ ಬರುತ್ತಿತ್ತಲ್ಲ, ಅದರ ಜೊತೆ ಕ್ರಿಕೆಟ್ ಆಟಗಾರರ ಪುಟ್ಟ ಚಿತ್ರಗಳು. ಒಂದೊಂದರಲ್ಲೂ ಇಷ್ಟು ರನ್ನು, ಇಷ್ಟು ವಿಕೆಟ್ಟು ಅಂತ ಲೆಕ್ಕ. ಗಮ್ ಅಗಿದದ್ದಕ್ಕಿಂತ ಆ ಚೀಟಿಗಳನ್ನು ಜೋಪಾನ ಮಾಡಿದ್ದೇ ಹೆಚ್ಚು! 2010ರ ದಶಕದಲ್ಲಿ ಟಾಪ್ಸ್ ಕಂಪನಿಯ ‘ಕ್ರಿಕೆಟ್ ಅಟ್ಯಾಕ್ಸ್’ ಕಾರ್ಡುಗಳು ಶಾಲಾ ಚೀಲ ಸೇರಿದವು. ಈಗ ಕ್ರಿಕೆಟ್ಟು, ಫುಟ್‌ಬಾಲು, ಜೊತೆಗೆ ಪೋಕೆಮಾನ್. 2025ರಲ್ಲಿ ಆರ್‌ಸಿಬಿ ಐಪಿಎಲ್ ಕಪ್ ಗೆದ್ದ ಮೇಲಂತೂ ನಮ್ಮ ಬೀದಿಯ ಹುಡುಗರನ್ನು ಹಿಡಿಯುವವರಿಲ್ಲ.

ಹುಚ್ಚು ಹೊಸದಲ್ಲ. ಇಂಗ್ಲೆಂಡಿನ ವಿಲ್ಸ್ ಕಂಪನಿ 1896ರಲ್ಲೇ ಸಿಗರೇಟ್ ಪ್ಯಾಕಿನೊಳಗೆ ಐವತ್ತು ಕ್ರಿಕೆಟಿಗರ ಚಿತ್ರಗಳ ಸರಣಿ ಹಾಕಿತ್ತು. 1952ರ ಒಂದು ಅಮೆರಿಕನ್ ಬೇಸ್‌ಬಾಲ್ ಕಾರ್ಡು, ಮಿಕಿ ಮ್ಯಾಂಟಲ್ ಅನ್ನುವ ಆಟಗಾರನದು, 2022ರ ಆಗಸ್ಟ್‌ನಲ್ಲಿ 1.26 ಕೋಟಿ ಡಾಲರಿಗೆ ಹರಾಜಾಯಿತು. ಆಗಿನ ಲೆಕ್ಕದಲ್ಲಿ ನಮ್ಮ ಸುಮಾರು ನೂರು ಕೋಟಿ ರೂಪಾಯಿ! ಮಕ್ಕಳು ಮೊಬೈಲಿನಲ್ಲಿ ನೋಡುವುದು ಇಂಥ ಸುದ್ದಿಯನ್ನೇ. ‘ಇದು ಖರ್ಚಲ್ಲಮ್ಮಾ, ಇನ್ವೆಸ್ಟ್‌ಮೆಂಟ್’ ಅಂತ ನಿಮಗೇ ಪಾಠ ಹೇಳ್ತಾರೆ. ಆ ಮಾತನ್ನು ಮಾತ್ರ ನಂಬಬೇಡಿ. ನೂರು ಕೋಟಿ ಸಿಕ್ಕಿದ್ದು ಎಪ್ಪತ್ತು ವರ್ಷ ಮೂಲೆ ಮುದುಡದೆ ಉಳಿದ ಒಂದು ಅಪರೂಪದ ಕಾರ್ಡಿಗೆ. ಮಗನ ಕಾರ್ಡು ಅವನ ಸಂತೋಷಕ್ಕೆ, ಅಷ್ಟೇ. ಸಿನಿಮಾಕ್ಕೆ ಕೊಟ್ಟ ಹಾಗೆ ಕೊಡಿ.

ಕೊಡೋದೇನೋ ಸರಿ, ಎಲ್ಲಿ ಕೊಡೋದು?

ಕಾಮಾಕ್ಷಿಪಾಳ್ಯದಲ್ಲಿ ನನಗೆ ಪರಿಚಯದ ಒಬ್ಬ ಗೃಹಿಣಿ ಇದ್ದಾರೆ. ಮಗ ಎಂಟನೇ ಕ್ಲಾಸು. ರಾತ್ರಿ ಅಮ್ಮನ ಮೊಬೈಲು ಹಿಡಿದು, ಯಾರೋ ಅಪರಿಚಿತ ಮೆಸೇಜಿನಲ್ಲೇ ನಡೆಸುತ್ತಿದ್ದ ‘ಹರಾಜಿ’ನಲ್ಲಿ ಕೂಗಿದ. ಆಟಗಾರನ ಸಹಿ ಇರುವ ಕಾರ್ಡು ಅಂತೆ. 2,600 ರೂಪಾಯಿಗೆ ‘ಗೆದ್ದ’. ಅಮ್ಮನ ಪಿನ್ ಅವನಿಗೆ ಗೊತ್ತಿತ್ತು, ಕಳಿಸಿಯೇ ಬಿಟ್ಟ. ಅದು ಅವರು ಸ್ಕೂಲ್ ವ್ಯಾನಿಗೆಂದು ಉಳಿಸಿದ್ದ ದುಡ್ಡು. ಬಂದದ್ದೇನು? ಕಲರ್ ಜೆರಾಕ್ಸ್ ಮಾಡಿ ರಟ್ಟಿಗೆ ಅಂಟಿಸಿದ ಚೂರು. ಹುಡುಗ ಹೆದರಿ ಎರಡು ತಿಂಗಳು ಬಾಯಿ ಬಿಡಲಿಲ್ಲ. ಊಟ ಕಮ್ಮಿಯಾಯಿತು, ಆಟಕ್ಕೆ ಹೋಗುವುದು ನಿಂತಿತು. ಅಮ್ಮ ಮೈ ಸರಿಯಿಲ್ಲ ಅಂದುಕೊಂಡು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು! ವಿಷಯ ಹೊರಬೀಳುವಷ್ಟರಲ್ಲಿ ಆ ಮಾರಾಟಗಾರನ ಖಾತೆಯೂ ಇಲ್ಲ, ನಂಬರೂ ಇಲ್ಲ. ‘ದುಡ್ಡು ಹೋದದ್ದಕ್ಕಿಂತ ನನಗೆ ಹೇಳಲು ಅವನಿಗೆ ಭಯವಾಯ್ತಲ್ಲ, ಅದೇ ಸಂಕಟ’ ಅಂತ ಅವರು ಅಂದದ್ದು ನನಗೆ ಮರೆತಿಲ್ಲ.

ಹಾಗಂತ ಮೊಬೈಲಿನ ಹರಾಜೆಲ್ಲ ಮೋಸವೇ? ಖಂಡಿತ ಅಲ್ಲ. ಅದರ ಲೆಕ್ಕಾಚಾರ ತಿಳಿದಿರಬೇಕು.

ಚೀಟಿ ಕೂಗಿ ಗೊತ್ತಲ್ಲ?

ನಮ್ಮಲ್ಲಿ ಚೀಟಿ ಹಾಕದ ಮನೆ ಎಷ್ಟಿವೆ ಹೇಳಿ? ತುರ್ತಿದ್ದವರು ಹೆಚ್ಚು ಬಿಟ್ಟುಕೊಟ್ಟು ಚೀಟಿ ಎತ್ತುತ್ತಾರೆ. ‘ಅವಳು ಕೂಗಿದಳು, ನಾನು ಬಿಡ್ತೀನಾ’ ಅಂತ ಹಠಕ್ಕೆ ಬಿದ್ದು ಕೂಗಿದವರು ಮನೆಗೆ ಬಂದು ಲೆಕ್ಕ ಹಾಕಿ ತಲೆ ಚಚ್ಚಿಕೊಳ್ಳುತ್ತಾರೆ. ಕಾರ್ಡಿನ ಹರಾಜೂ ಹಾಗೇ. ಇಲ್ಲಿ ಹೆಚ್ಚು ಕೂಗಿದವರಿಗೆ ಮಾಲು ಅನ್ನೋದೊಂದೇ ವ್ಯತ್ಯಾಸ. ಕೊನೆಯ ಒಂದು ನಿಮಿಷದಲ್ಲಿ ಬೆಲೆ ಏರುತ್ತಲೇ ಹೋಗುತ್ತದೆ, ಕೈ ತಡೆಯುವುದಿಲ್ಲ. ಚೀಟಿಯಲ್ಲಾದರೆ ಎದುರಿಗೆ ಕೂತವರ ಮುಖ ಕಾಣುತ್ತದೆ. ಇಲ್ಲಿ ಎದುರು ಕೂಗುತ್ತಿರುವವನು ಮಾರುವವನ ಗೆಳೆಯನೇ ಆಗಿದ್ದರೂ ನಮಗೆ ತಿಳಿಯದು.

ದೊಡ್ಡ ಹರಾಜು ತಾಣಗಳಲ್ಲಿ ಒಂದು ಅನುಕೂಲವಿದೆ. ನೀವು ಕೊಡಬಲ್ಲ ಗರಿಷ್ಠ ಮೊತ್ತವನ್ನು ಒಮ್ಮೆ ಬರೆದಿಟ್ಟರೆ ಸಾಕು, ಅಗತ್ಯವಿದ್ದಷ್ಟೇ ಅದು ತಾನೇ ಏರಿಸುತ್ತದೆ. ನೀವು 1,200 ಬರೆದಿದ್ದು, ಇನ್ನೊಬ್ಬರು 900ಕ್ಕೆ ನಿಂತರೆ, 900ರ ಮೇಲೆ ಒಂದು ಮೆಟ್ಟಿಲು ಏರಿಸಿ ನಿಮಗೇ ಸಿಗುತ್ತದೆ. ಆದ್ದರಿಂದ ಹಗಲು ಹೊತ್ತಿನಲ್ಲಿ, ತಲೆ ತಣ್ಣಗಿರುವಾಗ, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಮೊತ್ತ ಬರೆಯಿರಿ. ಆಮೇಲೆ ಮೊಬೈಲ್ ಮುಚ್ಚಿಟ್ಟು ಮಲಗಿ.

ಮೊತ್ತ ನಿರ್ಧರಿಸುವುದು ಹೇಗೆ? ಮಾರುವವರು ಕೇಳುತ್ತಿರುವ ಬೆಲೆ ನೋಡಬೇಡಿ, ಅದೇ ಕಾರ್ಡು ಹಿಂದೆ ನಿಜಕ್ಕೂ ಎಷ್ಟಕ್ಕೆ ಮಾರಾಟವಾಗಿದೆ ನೋಡಿ. ಐವತ್ತು ಸಾವಿರ ಅಂತ ಯಾರು ಬೇಕಾದರೂ ಬರೆದುಕೊಳ್ಳಬಹುದು, ಕೊಳ್ಳುವವರು ಬೇಕಲ್ಲ! ಈಬೇ 2004ರಲ್ಲಿ ನಮ್ಮ ಬಾಜೀ ಡಾಟ್ ಕಾಮ್ ಕೊಂಡು ಇಲ್ಲಿಗೆ ಬಂದದ್ದು ನಿಮಗೆ ನೆನಪಿರಬಹುದು. 2018ರಲ್ಲಿ ಅದರ ಭಾರತದ ತಾಣ ಮುಚ್ಚಿತು. ಹಾಗಾಗಿ ಅಲ್ಲಿ ಕಂಡದ್ದನ್ನು ವಿದೇಶದಿಂದ ತರಿಸಬೇಕು. ಆಗ ಕಾರ್ಡಿಗಿಂತ ಅಂಚೆ ಖರ್ಚೇ ಹೆಚ್ಚಾಗುವುದುಂಟು. ಮೇಲೆ ಕಸ್ಟಮ್ಸ್ ಸುಂಕ, ಜಿಎಸ್‌ಟಿ, ಡಾಲರಿಗೆ ಬದಲಿಸಿದ್ದಕ್ಕೆ ಬ್ಯಾಂಕಿನ ಶುಲ್ಕ. ಕೆಲವು ಹರಾಜು ಸಂಸ್ಥೆಗಳು ಗೆದ್ದವರಿಂದಲೇ ಕಮಿಷನ್ ಕೂಡ ತೆಗೆದುಕೊಳ್ಳುತ್ತವೆ. ಇವನ್ನೆಲ್ಲ ಕೂಡಿಸಿದ ಮೇಲೆ ‘ಅಗ್ಗ’ ಅನ್ನಿಸಿದರೆ ಮಾತ್ರ ಮುಂದುವರಿಯಿರಿ.

‘ತಾಣದ ಹೊರಗೆ ನೇರವಾಗಿ ಕಳಿಸಿ, ಇನ್ನೂರು ಕಮ್ಮಿ ಮಾಡ್ತೀನಿ’ ಅಂದರೆ ಅಲ್ಲಿಗೇ ಬಿಡಿ. ಹೊರಗೆ ಕೊಟ್ಟ ದುಡ್ಡಿಗೆ ತಾಣದವರು ಹೊಣೆಯಲ್ಲ. ಪಾರ್ಸೆಲ್ ಬಂದಾಗ ಕವರ್ ಒಡೆಯುವುದರಿಂದಲೇ ವಿಡಿಯೋ ಮಾಡಿಕೊಳ್ಳಿ. ಮೋಸವಾಯಿತು ಅನ್ನಿಸಿದ ಗಳಿಗೆಯಲ್ಲೇ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಇನ್ನೊಂದು ಖಾತೆಗೆ ಹಾರುವ ಮುಂಚೆ ತಡೆಯುವ ಸಾಧ್ಯತೆ ಆಗಲೇ ಹೆಚ್ಚು. ಅದಕ್ಕೇ ಮಕ್ಕಳಿಗೆ ಮೊದಲೇ ಹೇಳಿಡಿ: ‘ತಪ್ಪು ಮಾಡಿದ್ರೂ ಸರಿ, ಅವತ್ತೇ ಹೇಳು, ಬೈಯಲ್ಲ.’ ಹೇಳಿದ ಮೇಲೆ ನಿಜವಾಗಲೂ ಬೈಯಬೇಡಿ. ಕಷ್ಟ, ಗೊತ್ತು. ಪಿನ್ ಮಾತ್ರ ಇವತ್ತೇ ಬದಲಿಸಿ.

ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ

ಮೇಳದ ಸುಖವೇ ಬೇರೆ. ಕೇವಲ ಕಾರ್ಡಿಗೇ ಮೀಸಲಾದ ದೊಡ್ಡ ಮೇಳ ಅಮೆರಿಕದ ಹಾಗೆ ನಮ್ಮಲ್ಲಿ ಕಾಣುವುದಿಲ್ಲ. ಆದರೆ ವೈಟ್‌ಫೀಲ್ಡಿನ ಕೆಟಿಪಿಒ ಆವರಣದಲ್ಲಿ ನಡೆದು ಬಂದಿರುವ ಕಾಮಿಕ್ ಕಾನ್‌ನಂಥ ಕಡೆ ಸಂಗ್ರಹದ ಸಾಮಾನಿನ ಮಳಿಗೆಗಳಿರುತ್ತವೆ. 2023ರ ಅಕ್ಟೋಬರಿನಿಂದ ನೇರಳೆ ಮೆಟ್ರೋ ವೈಟ್‌ಫೀಲ್ಡ್‌ವರೆಗೆ ಒಂದೇ ಓಟ, ಹೊಸಹಳ್ಳಿಯಲ್ಲೋ ವಿಜಯನಗರದಲ್ಲೋ ಹತ್ತಿದರಾಯಿತು. ಹತ್ತಿರದ್ದೇ ಬೇಕೆಂದರೆ ಕೆ.ಜಿ. ರಸ್ತೆಯ ಶಿಕ್ಷಕರ ಸದನ. ಹಳೇ ನಾಣ್ಯ, ನೋಟುಗಳ ಪ್ರದರ್ಶನಗಳು ಅಲ್ಲಿ ನಡೆದಿವೆ. ಮಾಗಡಿ ರೋಡಿನಲ್ಲಿ ಮೆಜೆಸ್ಟಿಕ್ ಬಸ್ ಹತ್ತಿ, ಇಳಿದು ನಡೆದರೆ ಸಿಕ್ಕಿತು.

ಒಳಗೆ ಹೋದ ಕೂಡಲೇ ಪರ್ಸ್ ತೆಗೆಯಬೇಡಿ. ಮೊದಲ ಸುತ್ತು ಬರೀ ನೋಡುವುದಕ್ಕೆ. ಎರಡನೇ ಸುತ್ತಿನಲ್ಲಿ ಕೇಳಿ, ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವು ಕೇಳಿದ ಹಾಗೇ! ‘ಮೂರೂ ಸೇರಿಸಿ ಎಷ್ಟಕ್ಕೆ ಕೊಡ್ತೀರಿ?’ ಅನ್ನುವುದು ಇಲ್ಲೂ ನಡೆಯುವ ಮಾತು. ಕೊನೇ ದಿನದ ಸಂಜೆ, ಗಂಟುಮೂಟೆ ಕಟ್ಟುವ ಹೊತ್ತಿಗೆ, ಮಾಲು ವಾಪಸ್ ಹೊರುವ ಬದಲು ಇಳಿಸಿ ಕೊಡುವವರೂ ಇರುತ್ತಾರೆ. ಆದರೆ ಅಲ್ಲಿ ಕೊಂಡದ್ದು ವಾಪಸ್ ಮಾಡುವುದು ಕಷ್ಟ. ಬಿಲ್ ಕೇಳಿ ತೆಗೆದುಕೊಳ್ಳಿ. ಇನ್ನೊಂದು ಮಾತು: ದೊಡ್ಡವರು ಮಕ್ಕಳ ಹತ್ತಿರ ‘ನಿಂದೊಂದು ಕೊಡು, ನಂದೆರಡು ಕೊಡ್ತೀನಿ’ ಅಂತ ಅದಲು ಬದಲು ಮಾಡಲು ಬರುತ್ತಾರೆ. ಎರಡು ಸಿಕ್ಕಿತೆಂದು ಮಗು ಕುಣಿಯುತ್ತದೆ, ಹೋದದ್ದೇ ಬೆಲೆಯದ್ದಾಗಿರುತ್ತದೆ. ಪಕ್ಕದಲ್ಲೇ ನಿಂತಿರಿ.

ಮಗನ ಜಾಮಿಟ್ರಿ ಬಾಕ್ಸಿನ ಸ್ಕೇಲ್ ಚೀಲದಲ್ಲಿರಲಿ. ಸಾಮಾನ್ಯ ಕಾರ್ಡಿನ ಅಳತೆ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಸವೆದ ಅಂಚನ್ನು ಕತ್ತರಿಸಿ ಹೊಸದರಂತೆ ಮಾಡುವ ಕಳ್ಳ ಉಪಾಯವಿದೆ. ಅಂಥದು ಅಳತೆಯಲ್ಲಿ ಸಿಕ್ಕಿಬೀಳುತ್ತದೆ. ಅದೇ ಸರಣಿಯ ಒಂದು ಅಗ್ಗದ ಅಸಲಿ ಕಾರ್ಡನ್ನು ಜೊತೆಗೊಯ್ದು ದಪ್ಪ, ಬಣ್ಣ, ಅಕ್ಷರ ಹೋಲಿಸಿ. ಅಕ್ಷರದ ಅಂಚು ಮಸುಕಾಗಿದ್ದರೆ ಅನುಮಾನ ಪಡಿ. ಫ್ಯಾನ್ಸಿ ಸ್ಟೋರಿನಲ್ಲಿ ಡಬ್ಬಿಗಟ್ಟಲೆ ಮಾರುವ ಬಂಗಾರದ ಬಣ್ಣದ ಪೋಕೆಮಾನ್ ಕಾರ್ಡುಗಳು ಬರೀ ಆಟಕ್ಕೆ. ಅವಕ್ಕೆ ಮರುಮಾರಾಟದ ಬೆಲೆಯಿಲ್ಲ.

ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ಒಂದರಿಂದ ಹತ್ತರವರೆಗೆ ಅಂಕ ಕೊಟ್ಟ ಕಾರ್ಡುಗಳೂ ಬರುತ್ತವೆ. ಅಮೆರಿಕದ ಪಿಎಸ್‌ಎ ಸಂಸ್ಥೆ 1991ರಿಂದ ಈ ಕೆಲಸ ಮಾಡುತ್ತಿದೆ. ಡಬ್ಬಿಯ ಮೇಲಿನ ನಂಬರನ್ನು ಆ ಸಂಸ್ಥೆಯ ತಾಣದಲ್ಲೇ ಹಾಕಿ ನೋಡಿ. ನಂಬರನ್ನೂ ನಕಲು ಮಾಡುವವರಿದ್ದಾರೆ, ಅಲ್ಲಿ ಚಿತ್ರವಿದ್ದರೆ ಕೈಯಲ್ಲಿರುವ ಕಾರ್ಡಿಗೆ ತಾಳೆಯಾಗುತ್ತದೋ ಇಲ್ಲವೋ ನೋಡಿ.

ನನ್ನನ್ನು ಕೇಳಿದರೆ, ಮೊದಲ ಕಾರ್ಡುಗಳನ್ನು ಮೇಳದಲ್ಲೇ ಕೊಡಿಸಿ. ಮಗನ ಕಣ್ಣು ಪಳಗಲಿ. ಸರಣಿಯಲ್ಲಿ ಒಂದೆರಡು ಕಮ್ಮಿ ಬಿದ್ದಾಗ, ಇಂಥದೇ ಬೇಕು ಅಂತ ಗೊತ್ತಿರುವಾಗ, ಹರಾಜಿಗೆ ಹೋಗಿ. ಅಪರೂಪದ ಒಂದು ಕಾರ್ಡು ಸಿಗಬಹುದೆಂದು ಮುಚ್ಚಿದ ಪ್ಯಾಕೆಟ್ಟುಗಳನ್ನು ಸಾಲಾಗಿ ಕೊಳ್ಳುವುದು ಮಾತ್ರ ಬೇಡ. ಅದು ಲಾಟರಿಯೇ. ನಮ್ಮ ರಾಜ್ಯದಲ್ಲಿ ಲಾಟರಿ ನಿಂತದ್ದು 2007ರಲ್ಲಿ, ಮನೆಯೊಳಗೆ ಮತ್ತೆ ಶುರು ಮಾಡುವುದೇಕೆ?

ಬಜೆಟ್ ತೀರಾ ಕಮ್ಮಿಯೋ? ರಾಜಭವನ ರಸ್ತೆಯ ಜಿಪಿಒದ ಅಂಚೆಚೀಟಿ ವಿಭಾಗಕ್ಕೆ ಒಮ್ಮೆ ಕರೆದೊಯ್ಯಿರಿ. ಸಚಿನ್ ತೆಂಡೂಲ್ಕರ್ ಇನ್ನೂರನೇ ಟೆಸ್ಟ್ ಆಡಿದಾಗ, 2013ರಲ್ಲಿ, ಅಂಚೆ ಇಲಾಖೆ ಅವರ ಚೀಟಿಗಳನ್ನೇ ಹೊರತಂದಿತ್ತು. ಅಲ್ಲಿ ನಕಲಿಯ ಭಯವಿಲ್ಲ, ಅಚ್ಚಾದ ಬೆಲೆಗೇ ಹೊಸ ಚೀಟಿ. ಆರರಿಂದ ಒಂಬತ್ತನೇ ತರಗತಿಯ ಮಕ್ಕಳಿಗೆ ‘ದೀನ್ ದಯಾಳ್ ಸ್ಪರ್ಶ್’ ಎಂಬ ವಿದ್ಯಾರ್ಥಿವೇತನವನ್ನೂ ಇಲಾಖೆ 2017ರಲ್ಲಿ ಆರಂಭಿಸಿತು, ವಿಚಾರಿಸಿ ನೋಡಿ.

ಇನ್ನು ಕಾರ್ಡು ಮನೆಗೆ ಬಂದ ಮೇಲೆ ನಾವು ಅಮ್ಮಂದಿರು ಮಾಡುವ ತಪ್ಪೊಂದಿದೆ. ‘ಹಾಳಾಗದಿರಲಿ’ ಅಂತ ಜೆರಾಕ್ಸ್ ಅಂಗಡಿಗೆ ಒಯ್ದು ಲ್ಯಾಮಿನೇಷನ್ ಮಾಡಿಸಿಬಿಡ್ತೇವೆ! ಬೆಲೆ ಅಲ್ಲಿಗೆ ಮುಗಿಯಿತು. ಫೆವಿಕಾಲ್ ಹಚ್ಚಿ ಆಲ್ಬಮ್ಮಿಗೆ ಅಂಟಿಸುವುದೂ ಬೇಡ, ರಬ್ಬರ್ ಬ್ಯಾಂಡೂ ಬೇಡ, ಅಂಚು ಕಚ್ಚಿಕೊಳ್ಳುತ್ತದೆ. ಕಾರ್ಡಿಗೆಂದೇ ಸಿಗುವ ತೆಳು ಪ್ಲಾಸ್ಟಿಕ್ ಕವರ್ ಹಾಕಿ, ಗಟ್ಟಿ ಡಬ್ಬಿಯಲ್ಲಿಡಿ. ಹೊಸ ಶೂ ಜೊತೆ ಬರುವ ಸಿಲಿಕಾ ಜೆಲ್ ಪುಟ್ಟ ಪೊಟ್ಟಣವೊಂದನ್ನು ಮಳೆಗಾಲದಲ್ಲಿ ಆ ಡಬ್ಬಿಯ ಮೂಲೆಯಲ್ಲಿಟ್ಟರೆ ತೇವ ಹೀರಿಕೊಳ್ಳುತ್ತದೆ. ಪುಟ್ಟ ತಂಗಿಯ ಕೈಗೆ ಮಾತ್ರ ಆ ಪೊಟ್ಟಣ ಸಿಗದಿರಲಿ.