ಮೀನಿಗೆ ಮಂಪರು: ಎಷ್ಟು, ಎಷ್ಟು ಹೊತ್ತು?

ಅಳಿವೆಯಲ್ಲಿ ಪಂಜರ ಕಟ್ಟಿ ಸೀಬಾಸ್ ಸಾಕುವವರಿಗೆ ದೊಡ್ಡ ತಲೆನೋವು ಆ ಮೀನಿನ ಹೊಟ್ಟೆಬಾಕತನ. ಜತೆಗೇ ಹುಟ್ಟಿದ ಮರಿಗಳಲ್ಲಿ ಒಂದು ತುಸು ದಪ್ಪಗಾದರೆ ಸಾಕು, ಪಕ್ಕದ ಸಣ್ಣದನ್ನು ನುಂಗಿಬಿಡುತ್ತದೆ. ಹಾಗಾಗಿ ಆಗಾಗ ಬಲೆ ಎತ್ತಿ, ಗಾತ್ರ ನೋಡಿ ಮರಿಗಳನ್ನು ಬೇರ್ಪಡಿಸಬೇಕು. ಬೈಂದೂರು ಬಳಿಯ ಉಪ್ಪುಂದದಂಥ ಕಡೆ ಪಂಜರ ಕೃಷಿ ಬಂದ ಮೇಲೆ ಉಡುಪಿ ಜಿಲ್ಲೆಗೂ ಇದು ಪರಿಚಿತ ಕೆಲಸ. ಕೈಯಲ್ಲಿ ಒದ್ದಾಡುವ ಮೀನಿನ ಹುರುಪೆ ಕಿತ್ತುಬಂದರೆ ಅಲ್ಲಿಂದಲೇ ಸೋಂಕು ಶುರು. ಮಂಪರು ಔಷಧ ಬೇಕಾಗುವುದು ಇಲ್ಲಿಯೇ. ಕಾರ್ಕಳದ ಕಡೆಯ ಕೆರೆಗಳಿಗೆ ಕಾಟ್ಲಾ, ರೋಹು ಮರಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಯ್ಯುವಾಗಲೂ ಅದು ಉಪಯೋಗಕ್ಕೆ ಬಂದೀತು. ಮೀನು ಸುಮ್ಮನಿದ್ದಷ್ಟೂ ಆಮ್ಲಜನಕ ಉಳಿಯುತ್ತದೆ, ಅಮೋನಿಯ ತಗ್ಗುತ್ತದೆ.

ಮಣಿಪಾಲದ ಆಸ್ಪತ್ರೆಯಲ್ಲಾದರೆ ಅರಿವಳಿಕೆ ವೈದ್ಯರು ಒಬ್ಬೊಬ್ಬ ರೋಗಿಯ ತೂಕ, ಉಸಿರು, ನಾಡಿ ನೋಡಿಕೊಂಡು ಔಷಧ ಕೊಡುತ್ತಾರೆ. ಮೀನಿಗೆ ಈ ಭಾಗ್ಯವಿಲ್ಲ. ಔಷಧ ನೀರಿಗೆ ಬೀಳುತ್ತದೆ, ಕಿವಿರು ಅದನ್ನು ಹೀರುತ್ತಲೇ ಹೋಗುತ್ತದೆ. ಮೊದಲು ಈಜು ನಿಧಾನವಾಗುತ್ತದೆ, ಆಮೇಲೆ ಮೀನು ಸಮತೋಲ ತಪ್ಪಿ ಪಕ್ಕಕ್ಕೆ ಹೊರಳುತ್ತದೆ, ಕಿವಿರಿನ ಮುಚ್ಚಳದ ಬಡಿತ ಇಳಿಯುತ್ತದೆ. ಆ ಬಡಿತ ನಿಲ್ಲುವುದರೊಳಗೆ ಮೀನು ತಿಳಿನೀರಿಗೆ ಬಂದಿರಬೇಕು. 3 ನಿಮಿಷದೊಳಗೆ ಮಂಪರು, 5 ನಿಮಿಷದೊಳಗೆ ಚೇತರಿಕೆ ಎನ್ನುವುದು ಸಂಶೋಧಕರು ಬಹುಕಾಲದಿಂದ ಬಳಸುವ ಅಳತೆಗೋಲು.

ಪಶು ಔಷಧಗಳ ಸುರಕ್ಷತೆ ಪರೀಕ್ಷಿಸುವಾಗ ಸಾಮಾನ್ಯವಾಗಿ ಸೂಚಿತ ಪ್ರಮಾಣದ 3 ಪಟ್ಟು, 5 ಪಟ್ಟು ಕೊಟ್ಟು ನೋಡುತ್ತಾರೆ. ಅರಿವಳಿಕೆಯನ್ನು 5 ಪಟ್ಟು ಕೊಟ್ಟರೆ ಉಳಿಯುವುದು ಸತ್ತ ಮೀನು ಮಾತ್ರ. ಆದ್ದರಿಂದ ಇಲ್ಲಿ ಪ್ರಮಾಣವನ್ನು ಸ್ವಲ್ಪವೇ ಏರಿಸಿ, ಹೊತ್ತನ್ನು ಹೆಚ್ಚಿಸಿ ನೋಡುವುದೇ ಅರ್ಥಪೂರ್ಣ. ಎದ್ದ ಮೀನು ಮೇವು ತಿಂದಿತೇ, ವಾರ ಕಳೆದ ಮೇಲೆ ಕಿವಿರು, ಯಕೃತ್ತು ಹೇಗಿವೆ ಎಂಬುದನ್ನೂ ನೋಡಬೇಕು.

ಇನ್ನು ತಿನ್ನುವವರ ಪಾಡು. ಅಮೆರಿಕದಲ್ಲಿ ಟ್ರೈಕೇನ್ ಎಂಬ ಮಂಪರು ಔಷಧದಲ್ಲಿ ಅದ್ದಿದ ಮೀನು 21 ದಿನ ಕಳೆಯದೆ ತಟ್ಟೆಗೆ ಬರುವಂತಿಲ್ಲ. ಮಂಪರಿಗೆ ಬಳಸುವುದು ಲವಂಗದೆಣ್ಣೆಯಾದರೆ 'ಅಡುಗೆಮನೆಯದೇ ತಾನೆ' ಎನ್ನುವವರುಂಟು. ಆದರೆ ಅದರ ಬಳಕೆಯ ಬಗ್ಗೆ ಅಲ್ಲಿನ ಔಷಧ ನಿಯಂತ್ರಕರು 2007ರಲ್ಲೇ ಎಚ್ಚರಿಸಿದರು. ಲವಂಗದೆಣ್ಣೆಯ ಮುಖ್ಯ ಅಂಶ ಯೂಜೆನಾಲ್. ಅದರ ಸೋದರ ರಾಸಾಯನಿಕ ಐಸೊಯೂಜೆನಾಲ್ ಗಂಡು ಇಲಿಗಳ ಯಕೃತ್ತಿನಲ್ಲಿ ಗಡ್ಡೆ ತರುತ್ತದೆಂದು ಅಲ್ಲಿನದೇ 2010ರ ವರದಿ ಹೇಳಿತು. ನ್ಯೂಜಿಲೆಂಡಿನಲ್ಲಿ ಇದೇ ಐಸೊಯೂಜೆನಾಲ್ ಇರುವ ಮಂಪರು ದ್ರವ ಕಾಯುವ ಅವಧಿಯೇ ಇಲ್ಲದೆ ಬಳಕೆಯಲ್ಲಿದೆ. ಒಂದೇ ವಸ್ತು, ಎರಡು ದೇಶ, ಎರಡು ತೀರ್ಪು!

ಔಷಧದ ಬಾಟಲಿಯ ಮೇಲಿನ ಪ್ರಮಾಣದ ಅಂಕಿಗಳನ್ನು ಹಾಗೇ ನಂಬುವುದು ನನ್ನ ಮಟ್ಟಿಗೆ ಅಪಾಯ. ಅವುಗಳಲ್ಲಿ ಬಹಳಷ್ಟು ತಣ್ಣೀರಿನ ಟ್ರೌಟ್, ಸಾಲ್ಮನ್ ಮೇಲೆ ಅಳೆದವು. ಕಾಪು ಕರಾವಳಿಯ ನೀರು ಬೇಸಿಗೆಯಲ್ಲಿ 30 ಡಿಗ್ರಿ ಮುಟ್ಟುತ್ತದೆ. ಬೆಚ್ಚಗಿನ ನೀರಿನಲ್ಲಿ ಮೀನು ಔಷಧವನ್ನು ಬೇಗ ಹೀರುತ್ತದೆ, ಆಮ್ಲಜನಕವೋ ಕಡಿಮೆ. ಮಳೆಗಾಲದಲ್ಲಿ ಅಳಿವೆ ಸಿಹಿಯಾಗಿಬಿಡುತ್ತದೆ. ಇದೂ ಮುಖ್ಯ, ಏಕೆಂದರೆ ಟ್ರೈಕೇನ್ ನೀರನ್ನು ಹುಳಿಯಾಗಿಸುವ ಔಷಧ. ಸಮುದ್ರದ ನೀರು ಆ ಹುಳಿಯನ್ನು ಬಹುಮಟ್ಟಿಗೆ ತಾನೇ ತಡೆದುಕೊಳ್ಳುತ್ತದೆ, ಸುಣ್ಣದಂಶ ಕಡಿಮೆಯಿರುವ ಕೆರೆನೀರಿಗೆ ಆ ಶಕ್ತಿಯಿಲ್ಲ. ಅಲ್ಲಿ ಅಡುಗೆ ಸೋಡ ಬೆರೆಸಿ ಸರಿದೂಗಿಸಿದ ಮೇಲೆಯೇ ಮೀನನ್ನು ಇಳಿಸಬೇಕು.